ಹಸಿರು ಪೀಪಿ, ನೀಲಿ ಸಿಲಿಂಡರು

ಇಂಗ್ಲೆಂಡಿನಲ್ಲಿ ಹಿಸ್ಟರೊಸ್ಕೋಪಿಗೆ ಹೆಸರು ಬರೆಸಿದ ಹೆಂಗಸಿಗೆ ಆಸ್ಪತ್ರೆಯಿಂದ ಒಂದು ಕಾಗದ ಬರುತ್ತದೆ. ದಿನ, ಹೊತ್ತು, ಯಾವ ಮಹಡಿ, ಕಾರು ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಮುಗಿದ ಮೇಲೆ ಕೊನೆಗೊಂದು ಸಾಲು: ಮುಟ್ಟಿನ ಹೊಟ್ಟೆನೋವಿನ ಹಾಗೆ ಸ್ವಲ್ಪ ಆಗಬಹುದು, ಬರುವ ಒಂದು ಗಂಟೆ ಮೊದಲು ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ನುಂಗಿ ಬನ್ನಿ. ಬಹುಕಾಲ ಇಂಥ ಕಾಗದಗಳಲ್ಲಿ ನೋವಿನ ಬಗ್ಗೆ ಇದ್ದದ್ದು ಹೆಚ್ಚುಕಡಿಮೆ ಇಷ್ಟೇ.

ಹಿಸ್ಟರೊಸ್ಕೋಪಿ ಎಂದರೆ ಗರ್ಭಕೋಶದ ಒಳಗೆ ತೆಳ್ಳನೆಯ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೆ, ತಿಂಗಳುಗಟ್ಟಲೆ ಸ್ರಾವ ನಿಲ್ಲದಿದ್ದರೆ, ಸ್ಕ್ಯಾನಿನಲ್ಲಿ ಗಡ್ಡೆ ಅಥವಾ ಪಾಲಿಪ್ ಇದೆಯೆಂಬ ಅನುಮಾನ ಬಂದರೆ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಇದು ಬಹುಮಟ್ಟಿಗೆ ಹೊರರೋಗಿ ವಿಭಾಗದಲ್ಲೇ, ಎಚ್ಚರವಾಗಿರುವಾಗಲೇ ನಡೆಯುತ್ತದೆ. ಹತ್ತು ಹದಿನೈದು ನಿಮಿಷದ ಕೆಲಸ, ಅರಿವಳಿಕೆಯ ಅಪಾಯವಿಲ್ಲ, ಅದೇ ದಿನ ಮನೆ. ವ್ಯವಸ್ಥೆ ಒಳ್ಳೆಯದೇ. ತಕರಾರು ಎದ್ದದ್ದು ಕಾಗದದ ಆ ‘ಸ್ವಲ್ಪ’ ಎಂಬ ಪದದ ಮೇಲೆ. ಮಂಚದ ಮೇಲೆ ಮಲಗಿ ಕಿರುಚಿದವರು, ಪ್ರಜ್ಞೆ ತಪ್ಪಿದವರು ಒಬ್ಬೊಬ್ಬರಾಗಿ ಮಾತಾಡಲು ಶುರುಮಾಡಿದರು. ಲಿನ್ ಬ್ರೌನ್ ಎಂಬ ಸಂಸದೆ ಇಂಥ ಹೆಂಗಸರ ಕಥೆಗಳನ್ನು ಸಂಸತ್ತಿನಲ್ಲಿ ಮತ್ತೆ ಮತ್ತೆ ಓದಿ ಹೇಳಿದರು. 2020ರಲ್ಲಿ ಅರಿವಳಿಕೆ ವೈದ್ಯರ ಪತ್ರಿಕೆಯೊಂದರಲ್ಲಿ 804 ಮಂದಿಯ ಲೆಕ್ಕ ಪ್ರಕಟವಾಯಿತು. ನೋವೇ ಆಗಲಿಲ್ಲ ಎಂದವರು 7.8 ಶೇಕಡಾ. ಹತ್ತಕ್ಕೆ ಏಳಕ್ಕಿಂತ ಹೆಚ್ಚು ನೋವು ಎಂದವರು 17.6 ಶೇಕಡಾ. ಪಕ್ಕದಲ್ಲೇ ನಿಂತಿದ್ದ ವೈದ್ಯರು ಕೊಟ್ಟ ಅಂಕಕ್ಕೂ ಮಲಗಿದ್ದವಳು ಕೊಟ್ಟ ಅಂಕಕ್ಕೂ ತಾಳೆಯಾಗಲಿಲ್ಲ.

ಈ ಲೆಕ್ಕವನ್ನು ಎರಡೂ ಕಡೆಯಿಂದ ಓದಬೇಕು. ಹೆಚ್ಚಿನವರು ತಡೆದುಕೊಂಡು ಎದ್ದು ಹೋಗುತ್ತಾರೆ ಎಂಬುದೂ ನಿಜ, ಐದಾರು ಮಂದಿಯಲ್ಲಿ ಒಬ್ಬರಿಗೆ ಅದು ನರಕ ಎಂಬುದೂ ನಿಜ. ಆ ಒಬ್ಬರು ಯಾರೆಂದು ಮೊದಲೇ ಹೇಳಲು ಖಚಿತವಾದ ದಾರಿಯಿಲ್ಲ. ಹೆರಿಗೆಯಾಗದವರಿಗೆ, ಮುಟ್ಟು ನಿಂತವರಿಗೆ, ಮುಟ್ಟಿನ ನೋವು ಮೊದಲಿನಿಂದಲೂ ಜೋರಾಗಿದ್ದವರಿಗೆ ಹೆಚ್ಚು ಎಂಬಷ್ಟು ಸುಳಿವುಂಟು. ಹಾಗಿರುವಾಗ ಎಲ್ಲರಿಗೂ ಮಾತ್ರೆ ಸಾಕು ಎನ್ನುವಂತಿಲ್ಲ. ಎಲ್ಲರನ್ನೂ ಪೂರ್ತಿ ಮಲಗಿಸಿ ಮಾಡುವುದೂ ಹೊಳೆ ದಾಟಲು ಹಡಗು ಕಟ್ಟಿದಂತೆ. ಇವೆರಡರ ನಡುವೆ ಇರುವ ಒಂದು ದಾರಿ ಉಸಿರಿನಲ್ಲಿ ಎಳೆದುಕೊಳ್ಳುವ ನೋವುನಿವಾರಕ. ಇದರಲ್ಲಿ ಮುಖ್ಯವಾದವು ಎರಡು. ಒಂದು, ಬ್ರಿಟನ್ನಿನ ಹೆರಿಗೆ ಕೋಣೆಗಳಲ್ಲಿ ‘ಗ್ಯಾಸ್ ಅಂಡ್ ಏರ್’ ಎಂದು ಕರೆಸಿಕೊಳ್ಳುವ ಎಂಟೊನಾಕ್ಸ್, ಅಂದರೆ ನೈಟ್ರಸ್ ಆಕ್ಸೈಡಿಗೆ ಆಮ್ಲಜನಕ ಬೆರೆಸಿದ ಗಾಳಿ. ನೀಲಿ ಸಿಲಿಂಡರು ಅದರ ಹಳೆಯ ಗುರುತು. ಇನ್ನೊಂದು ಮೆಥಾಕ್ಸಿಫ್ಲುರೇನ್, ಪೆಂತ್ರಾಕ್ಸ್ ಎಂಬ ಹೆಸರಿನಲ್ಲಿ, ಜಾತ್ರೆಯ ಪೀಪಿಯಂಥ ಹಸಿರು ಕೊಳವೆಯಲ್ಲಿ ಬರುತ್ತದೆ. ಆಸ್ಟ್ರೇಲಿಯಾದವರು ಅದನ್ನು ಕರೆಯುವುದೇ ‘ಹಸಿರು ಸೀಟಿ’ ಎಂದು.

ನೋವು ಎಲ್ಲಿಂದ ಬರುತ್ತದೆ

ಉಸಿರಿನ ಔಷಧಿ ಏಕೆ ಎಂದು ತಿಳಿಯಬೇಕಾದರೆ ಗರ್ಭಕೋಶದ ತಂತಿ ಜೋಡಣೆ ನೋಡಬೇಕು. ನೋವಿನ ಸುದ್ದಿ ಅಲ್ಲಿಂದ ಎರಡು ಬೇರೆ ದಾರಿಯಲ್ಲಿ ಹೋಗುತ್ತದೆ. ಗರ್ಭಕಂಠದ ಸುದ್ದಿ ಬೆನ್ನುಹುರಿಯ ತೀರ ಕೆಳಭಾಗವನ್ನು, ಕುಂಡಿಯ ಮೂಳೆಯ ಮಟ್ಟದ ನರಗಳ ಮೂಲಕ ಸೇರುತ್ತದೆ. ಗರ್ಭಕೋಶದ ಮೇಲ್ಭಾಗದ, ಅಂದರೆ ಒಳಗಿನ ಚಾವಣಿಯ ಸುದ್ದಿ ಇನ್ನೂ ಎಷ್ಟೋ ಮೇಲೆ, ಎದೆಗೂಡು ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ ಬೆನ್ನುಹುರಿಗೆ ಹೋಗಿ ಮುಟ್ಟುತ್ತದೆ. ಮುಟ್ಟಿನ ನೋವು ಕೆಲವರಿಗೆ ತೊಡೆಗೆ ಇಳಿಯುವುದು, ಕೆಲವರಿಗೆ ನಡುವಿಗೆ ಏರುವುದು ಇದೇ ಕಾರಣಕ್ಕೆ.

ಹಾಗಾಗಿ ಗರ್ಭಕಂಠದ ಸುತ್ತ ಸೂಜಿ ಹಾಕಿ ಮರಗಟ್ಟಿಸಿದರೆ ಕಂಠವನ್ನು ಹಿಡಿಯುವ, ಹಿಗ್ಗಿಸುವ ನೋವು ತಗ್ಗುತ್ತದೆ. ಆದರೆ ಕ್ಯಾಮೆರಾ ಒಳಹೊಕ್ಕು, ಸಲೈನ್ ನೀರು ತುಂಬಿ ಗರ್ಭಕೋಶ ಉಬ್ಬಿದಾಗ, ಮೇಲಿನಿಂದ ಒಳಪದರದ ಚೂರು ಚಿವುಟಿ ಬಯಾಪ್ಸಿ ತೆಗೆದಾಗ ಆಗುವ ಸೆಳೆತ ಇನ್ನೊಂದು ದಾರಿಯಲ್ಲಿ ಹೋಗುವುದರಿಂದ ಆ ಸೂಜಿಗೆ ಪೂರ್ತಿ ಸಿಕ್ಕುವುದಿಲ್ಲ. ಮರಗಟ್ಟಿಸುವ ಸೂಜಿಯೇ ಒಂದು ನೋವು ಎಂಬುದು ಬೇರೆ ಮಾತು. ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ಗರ್ಭಕೋಶವನ್ನು ಹಿಂಡಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಕಡಿಮೆ ಮಾಡುತ್ತವೆ. ಅದರ ಲಾಭ ಹೆಚ್ಚಾಗಿ ಕೆಲಸ ಮುಗಿದ ಮೇಲಿನ ಸೆಳೆತದಲ್ಲಿ ಗೊತ್ತಾಗುತ್ತದೆಯೇ ಹೊರತು ಆ ಎರಡು ನಿಮಿಷದ ಶಿಖರದಲ್ಲಿ ಅಲ್ಲ.

ಉಸಿರಿನಲ್ಲಿ ಹೋಗುವ ಔಷಧಿಗೆ ದಾರಿ ಯಾವುದಾದರೂ ಒಂದೇ, ಏಕೆಂದರೆ ಅದು ಕೆಲಸ ಮಾಡುವುದು ಸುದ್ದಿ ತಲುಪುವ ಊರಿನಲ್ಲಿ: ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ. ನೈಟ್ರಸ್ ಆಕ್ಸೈಡ್ ಮಿದುಳಿನ ಬುಡದಲ್ಲಿ ದೇಹದ್ದೇ ಆದ ಅಫೀಮಿನಂಥ ರಸಗಳನ್ನು ಹೊರಡಿಸುತ್ತದೆ. ಅಲ್ಲಿಂದ ಬೆನ್ನುಹುರಿಗೆ ಇಳಿಯುವ ನರಗಳು ಎಚ್ಚೆತ್ತು ಕೆಳಗಿನಿಂದ ಬರುವ ನೋವಿನ ಸುದ್ದಿಯನ್ನು ಬಾಗಿಲಲ್ಲೇ ಅದುಮುತ್ತವೆ. ನೋವು ಇಲ್ಲವಾಗುವುದಿಲ್ಲ. ಪಕ್ಕದ ಮನೆಯ ಜಗಳದ ಹಾಗೆ ದೂರ ಸರಿಯುತ್ತದೆ; ಕೇಳಿಸುತ್ತದೆ, ಆದರೆ ನಿಮ್ಮದಲ್ಲ. ಇದನ್ನು ಬಳಸಿದವರು ನೋವಿತ್ತು, ಆದರೆ ತಲೆಗೆ ಹಚ್ಚಿಕೊಳ್ಳಲಿಲ್ಲ ಎಂದು ಹೇಳುವುದು ಇದನ್ನೇ.

ಇಲ್ಲೇ ಒಂದು ವಿಷಯ ಬಿಡಿಸಿ ಹೇಳಬೇಕು. ಗರ್ಭಕಂಠವನ್ನು ಹಿಗ್ಗಿಸಿದಾಗ ಕೆಲವರಿಗೆ ನೋವಿಗಿಂತ ಹೆಚ್ಚಾಗಿ ಬೆವರು, ವಾಂತಿ, ಕಣ್ಣು ಕತ್ತಲೆ ಬರುತ್ತದೆ. ಅದು ವೇಗಸ್ ನರ ಕೆರಳಿ ಹೃದಯದ ಬಡಿತ ಇಳಿಯುವುದರಿಂದ ಆಗುವುದು. ಗ್ಯಾಸು ಅದನ್ನು ತಡೆಯುವುದಿಲ್ಲ. ಉಪಕರಣ ಹೊರತೆಗೆಯುವುದು, ಕಾಲು ಮೇಲೆತ್ತುವುದು, ಬೇಕಾದರೆ ಅಟ್ರೋಪಿನ್ ಸೂಜಿ ಅದಕ್ಕೆ ಮದ್ದು.

ಅಳತೆ ಯಾರ ಕೈಯಲ್ಲಿ

ನೈಟ್ರಸ್ ಆಕ್ಸೈಡಿನ ಕಥೆ ಹಳೆಯದು. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಅದನ್ನು ಕಂಡುಹಿಡಿದ. ಹಂಫ್ರಿ ಡೇವಿ ಎಂಬ ಹುಡುಗಾಟದ ವಿಜ್ಞಾನಿ ತಾನೇ ಎಳೆದೆಳೆದು ನಕ್ಕು, 1800ರಲ್ಲಿ ಬರೆದ ಗ್ರಂಥದಲ್ಲಿ ಇದನ್ನು ಶಸ್ತ್ರಚಿಕಿತ್ಸೆಯಲ್ಲಿ ಬಳಸಬಹುದೇನೋ ಎಂದು ಸೂಚಿಸಿದ. ಯಾರೂ ಕಿವಿಗೊಡಲಿಲ್ಲ. ಮುಂದಿನ ನಾಲ್ಕು ದಶಕ ಅದು ಮೇಳಗಳಲ್ಲಿ ಜನರನ್ನು ನಗಿಸುವ ಗಾಳಿಯಾಗಿಯೇ ಉಳಿಯಿತು. 1844ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅಂಥದೊಂದು ಪ್ರದರ್ಶನ ನೋಡಿದ ಹಲ್ಲಿನ ವೈದ್ಯ ಹೊರೇಸ್ ವೆಲ್ಸ್, ಮರುದಿನವೇ ಆ ಗಾಳಿ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. ಆದರೆ 1845ರಲ್ಲಿ ಬಾಸ್ಟನ್ನಿನ ವೈದ್ಯರ ಎದುರು ಮಾಡಿ ತೋರಿಸುವಾಗ ರೋಗಿ ಕೂಗಿಬಿಟ್ಟ. ವೆಲ್ಸ್ ನಗೆಪಾಟಲಾದ. ಅಷ್ಟು ನೋವೇನೂ ಆಗಲಿಲ್ಲ ಎಂದು ರೋಗಿ ಆಮೇಲೆ ಹೇಳಿದನಂತೆ. ನನಗೆ ಈ ಪ್ರಸಂಗ ಇಂದಿನ ವಾದಗಳ ಮೊದಲ ಅಧ್ಯಾಯದ ಹಾಗೆ ಕಾಣುತ್ತದೆ: ಕೂಗಿದವನಿಗೆ ನೋವಾಯಿತೆಂದು ನೋಡುವವರು ತೀರ್ಮಾನಿಸಿದರು, ಕೂಗದೆ ಹಲ್ಲು ಕಚ್ಚಿದವಳಿಗೆ ಆಗಲಿಲ್ಲವೆಂದು ಈಗ ತೀರ್ಮಾನಿಸುತ್ತಾರೆ.

ಹೆಂಗಸರ ಹಾಸಿಗೆಯ ಬಳಿಗೆ ಈ ಗಾಳಿ ಬಂದದ್ದು 1881ರಲ್ಲಿ. ಸೇಂಟ್ ಪೀಟರ್ಸ್‌ಬರ್ಗ್‌ನ ಸ್ಟಾನಿಸ್ಲಾವ್ ಕ್ಲಿಕೋವಿಚ್ ಎಂಬ ವೈದ್ಯ 80 ಭಾಗ ನೈಟ್ರಸ್ ಆಕ್ಸೈಡಿಗೆ 20 ಭಾಗ ಆಮ್ಲಜನಕ ಬೆರೆಸಿ ಹೆರಿಗೆ ನೋವಿಗೆ ಕೊಟ್ಟ. ತಾಯಿ ಎಚ್ಚರವಾಗಿರುತ್ತಾಳೆ, ಗರ್ಭಕೋಶದ ಕೆಲಸ ನಿಲ್ಲುವುದಿಲ್ಲ ಎಂದು ಅವನು ಕಂಡುಕೊಂಡ. ಆದರೆ ಆ ಕಾಲದ ಸಿಲಿಂಡರು, ಚೀಲ, ಮಿಶ್ರಣದ ಗೋಜಲು ಸಾಮಾನ್ಯ ಸೂಲಗಿತ್ತಿಯ ಕೈಗೆ ಎಟುಕುವಂಥದ್ದಲ್ಲ. 1934ರ ಹೊತ್ತಿಗೆ ಲಿವರ್‌ಪೂಲ್‌ನ ರಾಬರ್ಟ್ ಮಿನಿಟ್ ಒಂದು ಯಂತ್ರ ಮಾಡಿದ. ಅದು ನೈಟ್ರಸ್ ಆಕ್ಸೈಡಿಗೆ ಕೋಣೆಯ ಗಾಳಿ ಬೆರೆಸುತ್ತಿತ್ತು, ಮಾಸ್ಕನ್ನು ಹೆರುವವಳೇ ಹಿಡಿದುಕೊಳ್ಳುತ್ತಿದ್ದಳು. 1936ರಲ್ಲಿ ಇದನ್ನು ಬಳಸಲು ಬ್ರಿಟನ್ನಿನ ಸೂಲಗಿತ್ತಿಯರಿಗೆ ಅನುಮತಿ ಸಿಕ್ಕಿತು. ಅದರ ದೋಷ ಆಮ್ಲಜನಕ ತೀರ ಕಡಿಮೆಯಾಗುವುದು. ಅದನ್ನು ಬಗೆಹರಿಸಿದ್ದು ಮೈಕೆಲ್ ಟನ್‌ಸ್ಟಾಲ್. ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕವನ್ನು ಒಂದೇ ಸಿಲಿಂಡರಿನಲ್ಲಿ ಒತ್ತಿ ತುಂಬಬಹುದು, ಅವು ಬೇರ್ಪಡದೆ ಗಾಳಿಯಾಗಿಯೇ ಇರುತ್ತವೆ ಎಂದು 1961ರಲ್ಲಿ ಆತ ತೋರಿಸಿದ. ಎಂಟೊನಾಕ್ಸ್ ಎಂದರೆ ಅದೇ. ‘ಗ್ಯಾಸ್ ಅಂಡ್ ಏರ್’ ಎಂಬ ಆಡುಹೆಸರಿನಲ್ಲಿ ಇನ್ನೂ ‘ಏರ್’ ಉಳಿದಿದೆ, ಸಿಲಿಂಡರಿನಲ್ಲಿ ಕೋಣೆಯ ಗಾಳಿ ಎಳ್ಳಷ್ಟೂ ಇಲ್ಲ. ಒಂದು ಎಚ್ಚರಿಕೆ: ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿನ ಚಳಿಯಲ್ಲಿ ಸಿಲಿಂಡರಿನೊಳಗೆ ಎರಡೂ ಬೇರ್ಪಟ್ಟು, ಮೊದಲು ಆಮ್ಲಜನಕ ಹೆಚ್ಚಿರುವ, ಕೊನೆಗೆ ಆಮ್ಲಜನಕ ತೀರ ಕಡಿಮೆಯಿರುವ ಗಾಳಿ ಬರುವ ಅಪಾಯವಿದೆ. ಬೆಂಗಳೂರಿನ ಉಗ್ರಾಣದಲ್ಲಿ ಆ ಚಿಂತೆ ಬೇಡ, ಸ್ಕಾಟ್ಲೆಂಡಿನ ಚಳಿಗಾಲದಲ್ಲಿ ಬೇಕು.

ಈ ಇಡೀ ಏರ್ಪಾಟಿನ ಜಾಣತನ ಇರುವುದು ಕೊಳವೆಯ ತುದಿಯ ಡಿಮ್ಯಾಂಡ್ ವಾಲ್ವಿನಲ್ಲಿ. ನೀವು ಎಳೆದರಷ್ಟೇ ಗ್ಯಾಸು ಬರುತ್ತದೆ, ಎಳೆಯದಿದ್ದರೆ ಇಲ್ಲ. ಅಮಲು ಹೆಚ್ಚಾದರೆ ಕೈ ಸಡಿಲವಾಗುತ್ತದೆ, ಮಾಸ್ಕು ಜಾರುತ್ತದೆ, ಎರಡು ಉಸಿರು ಕೋಣೆಯ ಗಾಳಿ ಎಳೆದರೆ ಎಚ್ಚರ ಮರಳುತ್ತದೆ. ಬೇರೆ ಕಾವಲುಗಾರ ಬೇಡ, ಕೈಯೇ ಕಾವಲು. ಅದಕ್ಕೇ ಇದರ ಮೊದಲ ನಿಯಮ: ಮಾಸ್ಕನ್ನು ಗಂಡನಾಗಲಿ, ಅಕ್ಕನಾಗಲಿ, ನರ್ಸೇ ಆಗಲಿ ಮುಖಕ್ಕೆ ಒತ್ತಿ ಹಿಡಿಯಕೂಡದು. ಪ್ರೀತಿಯಿಂದ ಹಿಡಿದರೂ ಅಲ್ಲಿಗೆ ಸುರಕ್ಷತೆ ಮುಗಿಯಿತು.

ಅರಿವಳಿಕೆಯ ವೈದ್ಯರು ಯಾವುದೇ ಗಾಳಿಯ ಬಲವನ್ನು ಒಂದು ಅಳತೆಯಲ್ಲಿ ಹೇಳುತ್ತಾರೆ: ಚಾಕು ತಾಗಿದಾಗ ಅರ್ಧದಷ್ಟು ರೋಗಿಗಳು ಅಲುಗದಿರಲು ಉಸಿರಿನಲ್ಲಿ ಆ ಗಾಳಿ ನೂರಕ್ಕೆ ಎಷ್ಟಿರಬೇಕು? ನೈಟ್ರಸ್ ಆಕ್ಸೈಡಿಗೆ ಆ ಸಂಖ್ಯೆ 104. ಅಂದರೆ ಉಸಿರಿನಲ್ಲಿ ಅದೊಂದೇ ಇದ್ದರೂ ಸಾಲದು! ಅರ್ಧಕ್ಕರ್ಧ ಆಮ್ಲಜನಕ ಬೆರೆತ ಎಂಟೊನಾಕ್ಸ್ ಒಂದರಿಂದಲೇ ಆರೋಗ್ಯವಂತರನ್ನು ಪೂರ್ತಿ ಮಲಗಿಸುವುದು ಆಗದ ಮಾತು ಎನ್ನುವುದಕ್ಕೆ ಇದೇ ಲೆಕ್ಕ. ಮೇಲಾಗಿ ಅದು ರಕ್ತದಲ್ಲಿ ಬಹಳ ಕಡಿಮೆ ಕರಗುತ್ತದೆ. ಹೊಸ್ತಿಲಲ್ಲೇ ನಿಂತು ಮಾತಾಡಿ ಹೊರಡುವ ನೆಂಟನ ಹಾಗೆ. ಅರ್ಧ ನಿಮಿಷದಲ್ಲಿ ಹತ್ತುತ್ತದೆ, ಬಿಟ್ಟರೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ.

ಮೆಥಾಕ್ಸಿಫ್ಲುರೇನ್ ಇದಕ್ಕೆ ತದ್ವಿರುದ್ಧ. ಅದರ ಸಂಖ್ಯೆ 0.16. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆರುನೂರು ಪಟ್ಟು ಹೆಚ್ಚು ಬಲ. ರಕ್ತದಲ್ಲಿ, ಅದಕ್ಕಿಂತ ಹೆಚ್ಚಾಗಿ ಕೊಬ್ಬಿನಲ್ಲಿ ಕರಗುತ್ತದೆ. ಒಳಗೆ ಬಂದು, ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು ನಿಧಾನಕ್ಕೆ ಏಳುವ ನೆಂಟ. ಉಳಿದ ಅರಿವಳಿಕೆ ಆವಿಗಳು ಮಲಗಿಸುತ್ತವೆಯೇ ಹೊರತು ಎಚ್ಚರದಲ್ಲಿ ನೋವು ಕಡಿಮೆ ಮಾಡುವುದರಲ್ಲಿ ದಡ್ಡ. ಇದು ಮಾತ್ರ ಮಲಗಿಸಲು ಬೇಕಾದ್ದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲೇ ನೋವು ಅಡಗಿಸುತ್ತದೆ.

1960ರಲ್ಲಿ ಇದು ಬಂದಾಗ ವೈದ್ಯರು ಸಂಭ್ರಮಿಸಿದರು. ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆಗೆ ಬಳಸಿದರು. ಹೆರಿಗೆಗೂ ಬಂತು; ಬ್ರಿಟನ್ನಿನಲ್ಲಿ ಕಾರ್ಡಿಫ್ ಇನ್‌ಹೇಲರ್ ಎಂಬ ಪೆಟ್ಟಿಗೆಯಲ್ಲಿ 0.35 ಶೇಕಡಾ ಆವಿ ಕೊಡುತ್ತಿದ್ದರು. ಅಷ್ಟರಲ್ಲಿ 1966ರಲ್ಲಿ ಕೆಟ್ಟ ಸುದ್ದಿ ಬಂತು. ದೀರ್ಘ ಅರಿವಳಿಕೆಯ ಬಳಿಕ ಕೆಲವರ ಮೂತ್ರಪಿಂಡ ಹಾಳಾಗಿ, ಲೀಟರುಗಟ್ಟಲೆ ತಿಳಿಮೂತ್ರ ಹೋಗತೊಡಗಿತ್ತು. ಯಕೃತ್ತು ಈ ಔಷಧಿಯನ್ನು ಒಡೆದಾಗ ಬಿಡುಗಡೆಯಾಗುವ ಫ್ಲೋರೈಡ್ ಅದಕ್ಕೆ ಕಾರಣ ಎಂದು ಆಮೇಲಿನ ಸಂಶೋಧನೆ ಹೇಳಿತು. ಅಪಾಯ ಇದ್ದದ್ದು ಪ್ರಮಾಣದಲ್ಲಿ. ಆದರೂ ಹೆಸರು ಕೆಟ್ಟಿತು. ಜಗತ್ತು ಅದನ್ನು ಕೈಬಿಟ್ಟಿತು, 2005ರಲ್ಲಿ ಅಮೆರಿಕ ಅಧಿಕೃತವಾಗಿ ಬಾಗಿಲು ಹಾಕಿತು.

ಆಸ್ಟ್ರೇಲಿಯಾ ಮಾತ್ರ ಬಿಡಲಿಲ್ಲ. ಅಲ್ಲಿನ ಆಂಬುಲೆನ್ಸುಗಳು 1970ರ ದಶಕದ ನಡುವಿನಿಂದ ಇದನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಲೇ ಬಂದವು. ಮೈದಾನದಲ್ಲಿ ಭುಜ ತಪ್ಪಿದ ಫುಟ್‌ಬಾಲಿಗ ಹಸಿರು ಕೊಳವೆ ಬಾಯಲ್ಲಿಟ್ಟುಕೊಂಡು ಸ್ಟ್ರೆಚರಿನಲ್ಲಿ ಹೋಗುವುದು ಆಸ್ಟ್ರೇಲಿಯಾದವರಿಗೆ ಟಿವಿಯಲ್ಲಿ ನೋಡಿ ನೋಡಿ ಅಭ್ಯಾಸ. ಒಂದು ಸಲಕ್ಕೆ 3 ಮಿಲಿಲೀಟರ್ ದ್ರವ. ಕೊಳವೆಯೊಳಗಿನ ಬತ್ತಿಗೆ ಸುರಿದರೆ ಆವಿಯಾಗಿ ಉಸಿರಿಗೆ ಬರುತ್ತದೆ. ದಿನಕ್ಕೆ ಹೆಚ್ಚೆಂದರೆ 6, ವಾರಕ್ಕೆ 15 ಮಿಲಿಲೀಟರ್. ಮೂತ್ರಪಿಂಡಕ್ಕೆ ತೊಂದರೆ ಕಂಡ ಮಟ್ಟಕ್ಕೆ ಹೋಲಿಸಿದರೆ ಈ 6 ಮಿಲಿಲೀಟರ್ ಸುಮಾರು ಕಾಲು ಭಾಗ. 2015ರ ಸುಮಾರಿಗೆ ಬ್ರಿಟನ್ ಮತ್ತು ಯುರೋಪಿನ ಹಲವು ದೇಶಗಳು ಇದನ್ನು ಮರಳಿ ಒಳಗೆ ಬಿಟ್ಟವು. ಅಲ್ಲಿ ಪರವಾನಗಿ ಇರುವುದು ಗಾಯದ ನೋವಿಗೆ. ಸ್ತ್ರೀರೋಗ ವಿಭಾಗದಲ್ಲಿ ಕೊಡುವುದು ಆಯಾ ವೈದ್ಯರ, ಆಸ್ಪತ್ರೆಯ ತೀರ್ಮಾನದ ಮೇಲೆ. ಆಸ್ಟ್ರೇಲಿಯಾದಲ್ಲಿ ಸಣ್ಣ ಶಸ್ತ್ರಕ್ರಿಯೆಗಳಿಗೂ ಒಪ್ಪಿಗೆ ಇದೆ. ಅಲ್ಲಿರುವ ನಮ್ಮವರು ಹಾರ್ಮೋನಿನ ಕಾಯಿಲ್ (ಗರ್ಭಕೋಶದೊಳಗೆ ಇಡುವ ಗರ್ಭನಿರೋಧಕ ಸಾಧನ) ಹಾಕಿಸಲು ಹೋದಾಗ ಹಸಿರು ಸೀಟಿ ಬೇಕೇ ಎಂದು ಕೇಳಿದರೆ ತಬ್ಬಿಬ್ಬಾಗಬೇಕಿಲ್ಲ.

ಪೀಪಿಯ ಮೇಲ್ಭಾಗದಲ್ಲಿ ಒಂದು ತೂತಿದೆ. ಅದನ್ನು ತೆರೆದಿಟ್ಟರೆ ಹೊರಗಿನ ಗಾಳಿ ಬೆರೆತು ಆವಿ ತೆಳುವಾಗುತ್ತದೆ, ಬೆರಳಿಟ್ಟು ಮುಚ್ಚಿದರೆ ಗಟ್ಟಿಯಾಗುತ್ತದೆ. ಕೊಳಲು ನುಡಿಸುವವರ ಹಾಗೆ. ಸಾಧಾರಣ ಹೊತ್ತಿನಲ್ಲಿ ಬೆರಳು ತೆಗೆದು, ನೋವಿನ ಹೊತ್ತಿನಲ್ಲಿ ಮುಚ್ಚಿ ಎಳೆಯುವುದು. ಆರರಿಂದ ಹತ್ತು ಉಸಿರಿಗೆ ಹತ್ತುತ್ತದೆ. ಬಿಡದೆ ಎಳೆದರೆ ಅರ್ಧ ಗಂಟೆಯ ಹತ್ತಿರ, ಬಿಟ್ಟು ಬಿಟ್ಟು ಎಳೆದರೆ ಇನ್ನೂ ಹೊತ್ತು ಬರುತ್ತದೆ. ಬಿಡುವ ಉಸಿರನ್ನೂ ಅದೇ ಕೊಳವೆಗೆ ಬಿಡಬೇಕು. ಅದಕ್ಕೆ ಸಿಕ್ಕಿಸಿದ ಇದ್ದಿಲ ಡಬ್ಬಿ ಆವಿಯನ್ನು ಹೀರಿಕೊಂಡು ಕೋಣೆಯಲ್ಲಿರುವವರನ್ನು ಕಾಪಾಡುತ್ತದೆ.

ನಿಜಕ್ಕೂ ಕೆಲಸ ಮಾಡುತ್ತದೆಯೇ

ಇಲ್ಲಿ ನೇರ ಉತ್ತರ ಕೊಡುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಹೆರಿಗೆಯಾಗದ 80 ಹೆಂಗಸರಿಗೆ ಕಾಪರ್-ಟಿಯಂಥ ಸಾಧನ ಹಾಕುವಾಗ, ಅರ್ಧ ಮಂದಿಗೆ ಅರ್ಧಕ್ಕರ್ಧ ನೈಟ್ರಸ್ ಆಕ್ಸೈಡ್, ಉಳಿದವರಿಗೆ ಬರೀ ಆಮ್ಲಜನಕ ಕೊಟ್ಟು ನೋಡಿದರು. 2016ರಲ್ಲಿ ಫಲಿತಾಂಶ ಬಂತು. ಹಾಕುವ ಕ್ಷಣದ ನೋವಿನಲ್ಲಿ ವ್ಯತ್ಯಾಸವೇ ಇಲ್ಲ: ನೂರಕ್ಕೆ 54 ಮತ್ತು 55. ಆದರೆ ನೋವನ್ನು ನಿಭಾಯಿಸಿದ ರೀತಿ ತೃಪ್ತಿ ತಂದಿತೇ ಎಂದು ಕೇಳಿದಾಗ ಗ್ಯಾಸು ಪಡೆದವರಲ್ಲಿ 54 ಶೇಕಡಾ ಹೌದೆಂದರು, ಇನ್ನೊಂದು ಗುಂಪಿನಲ್ಲಿ 22 ಶೇಕಡಾ. ಹಿಸ್ಟರೊಸ್ಕೋಪಿಯ ಮೂಲಕ ಮಾಡುವ ಸಂತಾನಹರಣದ ಕುರಿತ ಇನ್ನೊಂದು ಅಮೆರಿಕನ್ ಪ್ರಯೋಗದಲ್ಲಿ ನೋವೂ ಕಡಿಮೆಯಾಯಿತು.

ಮೊದಲ ಪ್ರಯೋಗವನ್ನು ‘ಗ್ಯಾಸು ದಂಡ’ ಎಂದು ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಕೊಟ್ಟದ್ದು ಮೂಗಿನ ಮಾಸ್ಕಿನಲ್ಲಿ, ಹಾಕುವುದಕ್ಕೆ ಎರಡು ನಿಮಿಷ ಮುಂಚಿನಿಂದ, ಎಲ್ಲರಿಗೂ ಒಂದೇ ಅಳತೆಯಲ್ಲಿ. ನೋವು ಬಂದಾಗ ಜೋರಾಗಿ ಎಳೆದು, ಹೋದಾಗ ಬಿಡುವ ಸ್ವಾತಂತ್ರ್ಯ ಅದರಲ್ಲಿಲ್ಲ. ಮೇಲಾಗಿ ನೋವಿನ ಅಂಕ ಒಂದನ್ನು ಅಳೆಯುತ್ತದೆ, ಆ ಅನುಭವ ಮತ್ತೆ ಬಂದರೆ ಎದುರಿಸಬಲ್ಲೆನೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಇನ್ನೂ ಒಳ್ಳೆಯ ಮಾಪಕವಿಲ್ಲ. ಹಾಗೆಂದು ತೀವ್ರ ನೋವು ಬಂದೇ ಬರುವ ಕೆಲಸಕ್ಕೆ, ಅಂದರೆ ದೊಡ್ಡ ಪಾಲಿಪ್ ಕತ್ತರಿಸುವುದು, ಬಿಗಿದುಕೊಂಡ ಗರ್ಭಕಂಠವನ್ನು ಬಲವಾಗಿ ಹಿಗ್ಗಿಸುವುದು ಇಂಥವಕ್ಕೆ ಗ್ಯಾಸೊಂದನ್ನೇ ನಂಬಿ ಮಲಗಿಸುವುದು ನ್ಯಾಯವಲ್ಲ. ಅಲ್ಲಿ ಸೂಜಿಯ ಜೊತೆಗೆ ಗ್ಯಾಸು ಇರಲಿ, ಇಲ್ಲವೇ ಪೂರ್ತಿ ಅರಿವಳಿಕೆಯೇ ಇರಲಿ.

ಗ್ಯಾಸಿಗಿಂತ ಮೊದಲು ಕೇಳಬೇಕಾದದ್ದು ಉಪಕರಣದ ದಪ್ಪ. ಈಗ 3ರಿಂದ 4 ಮಿಲಿಮೀಟರಿನ ಹಿಸ್ಟರೊಸ್ಕೋಪುಗಳಿವೆ. ಇಟಲಿಯ ಬಾರಿ ಊರಿನ ಸ್ಟೆಫಾನೊ ಬೆಟ್ಟೋಕಿ 1990ರ ದಶಕದಲ್ಲಿ ಒಂದು ವಿಧಾನ ಪ್ರಚಾರಕ್ಕೆ ತಂದರು: ಯೋನಿಯನ್ನು ಅಗಲಿಸುವ ಸ್ಪೆಕ್ಯುಲಮ್ ಬೇಡ, ಗರ್ಭಕಂಠವನ್ನು ಕಚ್ಚಿ ಹಿಡಿಯುವ ಇಕ್ಕಳವೂ ಬೇಡ, ಸಲೈನ್ ನೀರಿನ ಹರಿವಿನ ಜೊತೆ ಕ್ಯಾಮೆರಾವನ್ನೇ ದಾರಿ ನೋಡಿಕೊಂಡು ಒಳಗೆ ಬಿಡುವುದು. ಅನೇಕ ಅಧ್ಯಯನಗಳು ಇದರಿಂದ ನೋವು ಕಡಿಮೆ ಎಂದು ತೋರಿಸಿವೆ. ನೀರಿನ ಒತ್ತಡ ತಗ್ಗಿಸಿದರೂ ಲಾಭವಿದೆ. ದಪ್ಪ ಉಪಕರಣವನ್ನೇ ಬಳಸುತ್ತ ಕೈಗೆ ಗ್ಯಾಸು ಕೊಡುವುದು ಸೋರುವ ಸೂರು ರಿಪೇರಿ ಮಾಡದೆ ಕೊಡೆ ಕೊಟ್ಟ ಹಾಗೆ.

ಕೊಡೆ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಹೆರಿಗೆಯಲ್ಲಿ ಅನುಭವಸ್ಥ ನರ್ಸುಗಳು ಬೇನೆ ಏರುವುದಕ್ಕೆ ಮೊದಲೇ ಶುರು ಮಾಡಿಸುತ್ತಾರೆ, ಶಿಖರಕ್ಕೆ ಬಂದ ಮೇಲೆ ಎಳೆದರೆ ಗ್ಯಾಸು ಹತ್ತುವ ಹೊತ್ತಿಗೆ ಬೇನೆ ಇಳಿದಿರುತ್ತದೆ. ಇಲ್ಲಿಯೂ ಹಾಗೆಯೇ. ವೈದ್ಯರು ಕೈಗವಸು ಹಾಕಿಕೊಳ್ಳುವಾಗಲೇ ಒಂದೆರಡು ನಿಮಿಷ ನಿಧಾನಕ್ಕೆ, ಆಳವಾಗಿ ಎಳೆಯಬೇಕು. ಗಾಬರಿಯಲ್ಲಿ ನಾಯಿಯ ಹಾಗೆ ಏದುಸಿರು ಬಿಟ್ಟರೆ ಔಷಧಿ ಒಳಗೆ ಹೋಗುವುದಿಲ್ಲ, ಬೆರಳು ಜೋಮು ಹಿಡಿಯುತ್ತದೆ ಅಷ್ಟೇ. ಮುಂದಿನ ಹೆಜ್ಜೆ ಯಾವುದೆಂದು ವೈದ್ಯರು ಹತ್ತು ಸೆಕೆಂಡ್ ಮೊದಲೇ ಬಾಯಿಬಿಟ್ಟು ಹೇಳಿದರೆ ಅರ್ಧ ಕೆಲಸ ಆದಂತೆ.

ತಲೆ ತಿರುಗುವುದು, ವಾಕರಿಕೆ, ಬಾಯಿ ಒಣಗುವುದು, ಕಾರಣವಿಲ್ಲದ ನಗು ಅಥವಾ ಅಳು ಇವೆಲ್ಲ ಆಗುವಂಥವೇ. ಎಂಟೊನಾಕ್ಸ್ ಬಿಟ್ಟ ಅರ್ಧ ಗಂಟೆಯಲ್ಲಿ ಮೊದಲಿನಂತಾಗುತ್ತಾರೆ. ಮೆಥಾಕ್ಸಿಫ್ಲುರೇನ್ ಎಳೆದ ದಿನ ಸ್ಕೂಟರು, ಕಾರು ಬೇಡ, ಜೊತೆಗೊಬ್ಬರು ಇರಲಿ.

ಯಾರಿಗೆ ಕೂಡದು ಎಂಬ ಪಟ್ಟಿಯಲ್ಲಿ ನಮ್ಮವರು ಗಮನಿಸಬೇಕಾದ ಎರಡು ಸಂಗತಿಗಳಿವೆ. ನೈಟ್ರಸ್ ಆಕ್ಸೈಡ್ ದೇಹದಲ್ಲಿರುವ ಬಿ12 ಜೀವಸತ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಬಿ12 ಸಾಕಷ್ಟಿರುವವರಿಗೆ ಹತ್ತು ನಿಮಿಷದ ಗ್ಯಾಸಿನಿಂದ ಏನೂ ಆಗುವುದಿಲ್ಲ. ಆದರೆ ಮೊದಲೇ ಖಾಲಿಯಾಗಿರುವವರಲ್ಲಿ, ಪದೇಪದೇ ತೆಗೆದುಕೊಳ್ಳುವವರಲ್ಲಿ ಕಾಲು ಜೋಮು, ನಡಿಗೆ ತಪ್ಪುವಂಥ ನರದ ತೊಂದರೆ ಕಾಣಿಸಿದ ಉದಾಹರಣೆಗಳಿವೆ. ತಲೆಮಾರುಗಳಿಂದ ಸಸ್ಯಾಹಾರಿಗಳಾಗಿರುವ ನಮ್ಮ ಮನೆಗಳಲ್ಲಿ ಬಿ12 ಕೊರತೆ ಎಷ್ಟು ಸಾಮಾನ್ಯ ಎಂದು ರಕ್ತಪರೀಕ್ಷೆಯ ಚೀಟಿ ನೋಡಿದವರಿಗೆ ಗೊತ್ತು. ಹಾಗಾಗಿ ಬಿ12 ಮಾತ್ರೆ ಅಥವಾ ಸೂಜಿ ನಡೆಯುತ್ತಿದ್ದರೆ ಹೇಳಿಬಿಡಿ. ಎರಡನೆಯದು ಕ್ಷಯದ ಔಷಧಿ. ಐಸೋನಿಯಾಜಿಡ್, ರಿಫಾಂಪಿಸಿನ್ ಮಾತ್ರೆಗಳು ಯಕೃತ್ತನ್ನು ಚುರುಕುಗೊಳಿಸಿ ಮೆಥಾಕ್ಸಿಫ್ಲುರೇನ್ ಹೆಚ್ಚು ಒಡೆಯುವಂತೆ ಮಾಡುತ್ತವೆ, ಹೆಚ್ಚು ಒಡೆದರೆ ಹೆಚ್ಚು ಫ್ಲೋರೈಡ್. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ, ಹಿಂದೆ ಅರಿವಳಿಕೆಯಿಂದ ಯಕೃತ್ತು ಕೆಟ್ಟವರಿಗೆ, ಮನೆತನದಲ್ಲಿ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂಬ, ಅರಿವಳಿಕೆಗೆ ಮೈ ಬೆಂಕಿಯಾಗುವ ಅಪರೂಪದ ತೊಂದರೆ ಇದ್ದವರಿಗೆ ಪೀಪಿ ಬೇಡವೇ ಬೇಡ. ಶ್ವಾಸಕೋಶದ ಸುತ್ತ ಗಾಳಿ ಸೇರಿದವರಿಗೆ, ಕರುಳು ಕಟ್ಟಿಕೊಂಡವರಿಗೆ, ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಗಾಳಿಗುಳ್ಳೆ ಬಿಟ್ಟವರಿಗೆ ಎಂಟೊನಾಕ್ಸ್ ಬೇಡ, ಏಕೆಂದರೆ ನೈಟ್ರಸ್ ಆಕ್ಸೈಡ್ ಅಂಥ ಮುಚ್ಚಿದ ಜಾಗಗಳಿಗೆ ನುಗ್ಗಿ ಉಬ್ಬಿಸುತ್ತದೆ.

ಕೋಣೆಯಲ್ಲಿ ಕೆಲಸ ಮಾಡುವವರ ಪ್ರಶ್ನೆಯೂ ಇದೆ. ದಿನವಿಡೀ ಅದೇ ಗಾಳಿಯಲ್ಲಿರುವ ನರ್ಸುಗಳಿಗಾಗಿ ಗಾಳಿಯಾಟ ಚೆನ್ನಾಗಿರಬೇಕು. ಕೋಣೆಯ ಗಾಳಿಯಲ್ಲಿ ನೈಟ್ರಸ್ ಆಕ್ಸೈಡ್ ಮಿತಿ ಮೀರಿದ್ದಕ್ಕೆ 2022-23ರಲ್ಲಿ ಇಂಗ್ಲೆಂಡಿನ ಕೆಲವು ಹೆರಿಗೆ ಘಟಕಗಳು ಎಂಟೊನಾಕ್ಸನ್ನು ಕೆಲಕಾಲ ನಿಲ್ಲಿಸಿದವು. ಹೆರುವವರು ಸಿಟ್ಟಾದರು, ಸರಿಯಾಗಿಯೇ. ನೈಟ್ರಸ್ ಆಕ್ಸೈಡ್ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಮುಂದು, ವಾತಾವರಣದಲ್ಲಿ ನೂರು ವರ್ಷಕ್ಕೂ ಹೆಚ್ಚು ಉಳಿಯುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳು ಲೆಕ್ಕ ಹಾಕಿದಾಗ ಕಂಡದ್ದೇನೆಂದರೆ, ಗೋಡೆಯೊಳಗಿನ ಪೈಪುಗಳಲ್ಲಿ ಹರಿಯುವ ಶುದ್ಧ ನೈಟ್ರಸ್ ಆಕ್ಸೈಡಿನ ಬಹುಪಾಲು ಯಾವ ರೋಗಿಯನ್ನೂ ಮುಟ್ಟದೆ ಸೋರಿಹೋಗುತ್ತಿತ್ತು. ಹೆಂಗಸರ ಉಸಿರನ್ನು ಕಡಿತ ಮಾಡುವ ಮೊದಲು ಪೈಪು ನೋಡಿ ಎನ್ನಬೇಕಾಯಿತು.

ಕರ್ನಾಟಕದಲ್ಲಿ ಚಿತ್ರ ತಿರುಗುಮುರುಗು. ಇಲ್ಲಿ ಹಿಸ್ಟರೊಸ್ಕೋಪಿ ಎಂದರೆ ಹೆಚ್ಚಾಗಿ ಬೆಳಗ್ಗೆಯಿಂದ ಉಪವಾಸ, ಕೈಗೆ ಸೂಜಿ, ಸಣ್ಣ ಅರಿವಳಿಕೆ, ಸಂಜೆ ಮನೆ. ಬಿಲ್ಲು ದೊಡ್ಡದು, ನೋವು ಇಲ್ಲ. ಆದರೆ ವಂಕಿ ಹಾಕುವುದು, ಬಂಜೆತನದ ತಪಾಸಣೆಗೆ ಬಣ್ಣದ ದ್ರವ ಬಿಟ್ಟು ನಳಿಕೆ ನೋಡುವ ಎಕ್ಸ್‌ರೇ, ಗರ್ಭಕೋಶದ ಒಳಪದರ ಚೂರು ತೆಗೆಯುವುದು, ಗರ್ಭಕಂಠದ ಬಯಾಪ್ಸಿ ಇವೆಲ್ಲ ‘ಐದು ನಿಮಿಷ ತಡ್ಕೊಳಮ್ಮ’ ಎಂಬ ಮಾತಿನ ಮೇಲೆಯೇ ನಡೆಯುತ್ತವೆ. ಹೊರರೋಗಿ ಕೋಣೆಯ ಹೊರಗೆ ಐವತ್ತು ಮಂದಿ ಕಾದಿರುವಾಗ ವೈದ್ಯೆಗೂ ಬೇರೆ ದಾರಿ ಕಾಣುವುದಿಲ್ಲ. ಹಾಗೆಂದು ಎಂಟೊನಾಕ್ಸ್ ಇಲ್ಲಿಗೆ ಅಪರಿಚಿತವೇನಲ್ಲ. ಬೆಂಗಳೂರಿನ ಕೆಲವು ಖಾಸಗಿ ಹೆರಿಗೆ ಆಸ್ಪತ್ರೆಗಳು ‘ಲಾಫಿಂಗ್ ಗ್ಯಾಸ್’ ಇದೆಯೆಂದು ಜಾಹೀರಾತಿನಲ್ಲೇ ಹೇಳಿಕೊಳ್ಳುತ್ತವೆ. ಮಕ್ಕಳ ಹಲ್ಲಿನ ಕ್ಲಿನಿಕ್ಕುಗಳಲ್ಲೂ ನೈಟ್ರಸ್ ಆಕ್ಸೈಡ್ ಬಳಕೆಯಲ್ಲಿದೆ. ಹಲ್ಲು ಕೀಳುವ ಆರು ವರ್ಷದ ಹುಡುಗನಿಗೆ ಕೊಡುವ ಗಾಳಿಯನ್ನು ಗರ್ಭಕೋಶದ ಬಯಾಪ್ಸಿಗೆ ಬಂದ ಅವನ ಅಜ್ಜಿಗೆ ಏಕೆ ಕೊಡುವುದಿಲ್ಲ ಎಂದು ಯಾರಾದರೂ ಕೇಳಿದರೆ, ನನಗಂತೂ ವೈದ್ಯಕೀಯ ಕಾರಣ ಹೊಳೆಯುವುದಿಲ್ಲ.

ಕೇಳುವುದಾದರೆ ದಿನ ಗೊತ್ತುಮಾಡುವಾಗಲೇ ಕೇಳಬೇಕು, ಮಂಚ ಹತ್ತಿದ ಮೇಲಲ್ಲ. ಎಷ್ಟು ದಪ್ಪದ ಉಪಕರಣ, ಬಯಾಪ್ಸಿಯೂ ಇದೆಯೇ, ಮರಗಟ್ಟಿಸುತ್ತೀರಾ, ಹೆರಿಗೆ ವಾರ್ಡಿನಲ್ಲಿ ಎಂಟೊನಾಕ್ಸ್ ಇದ್ದರೆ ಆ ಹತ್ತು ನಿಮಿಷಕ್ಕೆ ಈ ಕೋಣೆಗೆ ತರಿಸಬಹುದೇ, ಸಾಕು ಎಂದು ನಾನು ಕೈಯೆತ್ತಿದರೆ ನಿಲ್ಲಿಸುತ್ತೀರಾ. ಸಣ್ಣ ಎಂಟೊನಾಕ್ಸ್ ಸಿಲಿಂಡರು ತಳ್ಳುಗಾಡಿಯ ಮೇಲೆ ಕೂರುವಷ್ಟೇ ಇರುತ್ತದೆ, ಹೆರಿಗೆ ವಾರ್ಡಿನಿಂದ ಹೊರರೋಗಿ ವಿಭಾಗಕ್ಕೆ ಒಬ್ಬ ವಾರ್ಡ್‌ಬಾಯ್ ಲಿಫ್ಟಿನಲ್ಲಿ ತರಬಹುದು.